ಜಾಹೀರಾತಿನಲ್ಲಿ ಸಮಾನತೆ: ಯಾವುದು ದಡ ಸೇರಿತು, ಯಾವುದು ಮುಳುಗಿತು, ಯಾಕೆ?

2025ರ ಜುಲೈ ಕೊನೆಯಲ್ಲಿ ಅಮೆರಿಕನ್ ಈಗಲ್ ಎಂಬ ಬಟ್ಟೆ ಕಂಪನಿ ಒಂದು ಜೀನ್ಸ್ ಜಾಹೀರಾತು ಬಿಟ್ಟಿತು. ಅದರ ಮುಖ ನಟಿ ಸಿಡ್ನಿ ಸ್ವೀನಿ. ತೊಡುವ ಜೀನ್ಸಿಗೂ ಅಪ್ಪ ಅಮ್ಮನಿಂದ ಬರುವ ಜೀನ್ಸಿಗೂ (ವಂಶವಾಹಿಗಳಿಗೂ) ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ. ಆ ಮಾತಿನ ಆಟದ ಮೇಲೆ ಇಡೀ ಜಾಹೀರಾತು ನಿಂತಿತ್ತು. ಬಿಳಿ ಮೈಬಣ್ಣ, ನೀಲಿ ಕಣ್ಣಿನ ನಟಿಯ ಜೊತೆ 'ಒಳ್ಳೆಯ ಜೀನ್ಸ್' ಎಂಬ ಮಾತು ಬಂದಾಗ ಕೆಲವರಿಗೆ ಅದರಲ್ಲಿ ಜನಾಂಗದ ಹೆಮ್ಮೆ ಕಂಡಿತು. ಕ್ಯಾಮೆರಾ ಅವರ ಮೈಮೇಲೆ ಓಡಾಡಿದ ರೀತಿಗೆ ಇನ್ನು ಕೆಲವರು ಸಿಟ್ಟಾದರು. ಆಗಸ್ಟ್ 4ರಂದು ಅಧ್ಯಕ್ಷ ಟ್ರಂಪ್ ಈ ಜಾಹೀರಾತನ್ನು ಹೊಗಳಿದರು. ಆ ಒಂದೇ ದಿನ ಕಂಪನಿಯ ಷೇರು ಶೇ 20ಕ್ಕೂ ಜಾಸ್ತಿ ಏರಿತು.

ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ಟಾರ್ಗೆಟ್, ವೈವಿಧ್ಯ ಮತ್ತು ಸಮಾನತೆಗಾಗಿ ಹಾಕಿಕೊಂಡಿದ್ದ ಮೂರು ವರ್ಷದ ಗುರಿಗಳನ್ನು ಮುಗಿಸಿಬಿಡುವುದಾಗಿ ಹೇಳಿತ್ತು. ಅಲ್ಲಿ ಒಂದರ ಹಿಂದೆ ಒಂದು ಕಂಪನಿ ಈ ವಿಷಯದಲ್ಲಿ ದನಿ ತಗ್ಗಿಸುತ್ತಿದೆ. ನಮ್ಮಲ್ಲಿ ಮಾತ್ರ ಮಹಿಳಾ ದಿನವಾದ ಮಾರ್ಚ್ 8 ಬಂದರೆ ಸಾಕು, ಸೋಪಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲರೂ ಹೆಣ್ಣಿನ ಪರ ನಿಲ್ಲುತ್ತಾರೆ. ಇದನ್ನೆಲ್ಲ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಸಮಾನತೆಯ ಮಾತಾಡಿದರೆ ವ್ಯಾಪಾರಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಒಳ್ಳೆಯದಾದರೆ ಹಿಂದೆ ಸರಿಯುವುದು ಯಾಕೆ? ಕೆಟ್ಟದ್ದಾದರೆ ಶುರು ಮಾಡಿದ್ದಾದರೂ ಯಾಕೆ?

ಉತ್ತರ ಜಾಹೀರಾತಿನೊಳಗೆ ಸಿಗುವುದಿಲ್ಲ. ಜಾಹೀರಾತಿನಿಂದ ಯಾರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದವರ ಕೈ ಕಂಪನಿಯ ಯಾವ ಜಾಗಕ್ಕೆ ಎಟುಕುತ್ತದೆ, ಅಲ್ಲಿ ಹುಡುಕಬೇಕು.

ಕಾಗೆ ಕೂತಿತು, ಕೊಂಬೆ ಮುರಿಯಿತು

ಮೊದಲು ಒಂದು ತಪ್ಪು ಲೆಕ್ಕವನ್ನು ಬದಿಗಿಡೋಣ. 2019ರ ಜನವರಿಯಲ್ಲಿ ಜಿಲೆಟ್ ಅಮೆರಿಕದಲ್ಲಿ ಒಂದು ಕಿರುಚಿತ್ರ ಬಿಟ್ಟಿತು. ಹೆಂಗಸರನ್ನು ಕೆಣಕುವುದು, ಚಿಕ್ಕವರನ್ನು ಹೊಡೆದು ಗೋಳಾಡಿಸುವುದು, 'ಹುಡುಗರು ಇರೋದೇ ಹಾಗೆ' ಅಂತ ಸುಮ್ಮನಾಗುವುದು, ಇದನ್ನೆಲ್ಲ ಬಿಡಿ ಎಂದು ಗಂಡಸರಿಗೆ ಅದು ಹೇಳಿತು. ಗಂಡಸರಿಗೆ ರೇಜರ್ ಮಾರುವ ಕಂಪನಿ ಗಂಡಸರಿಗೇ ಬುದ್ಧಿ ಹೇಳಿದ್ದು ಬಹಳ ಜನರಿಗೆ ಹಿಡಿಸಲಿಲ್ಲ. ಯೂಟ್ಯೂಬಿನಲ್ಲಿ ಮೆಚ್ಚದವರ ಸಂಖ್ಯೆ ಮೆಚ್ಚಿದವರನ್ನು ಎಲ್ಲೋ ಹಿಂದೆ ಬಿಟ್ಟಿತು. ಅದೇ ಜುಲೈನಲ್ಲಿ ಮಾಲೀಕ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್, ಜಿಲೆಟ್‌ನ ಬೆಲೆಯನ್ನು ತನ್ನ ಲೆಕ್ಕಪುಸ್ತಕದಲ್ಲಿ ಸುಮಾರು 800 ಕೋಟಿ ಡಾಲರ್ ಇಳಿಸಿತು. 'ನೋಡಿ, ಸಮಾನತೆ ಅಂತ ಹೋಗಿ ಕೈ ಸುಟ್ಟುಕೊಂಡರು' ಎಂಬ ಮಾತು ಎಲ್ಲ ಕಡೆ ಹರಡಿತು. ಇವತ್ತಿಗೂ ಅದನ್ನೇ ಹೇಳುವವರಿದ್ದಾರೆ.

ನಿಜ ಬೇರೆ. ಆ ಕಂಪನಿ ಜಿಲೆಟ್ಟನ್ನು ಕೊಂಡಿದ್ದು 2005ರಲ್ಲಿ, ಸುಮಾರು 5,700 ಕೋಟಿ ಡಾಲರಿಗೆ. ಆಮೇಲಿನ ವರ್ಷಗಳಲ್ಲಿ ಬೇರೆ ದೇಶಗಳ ಹಣದ ಎದುರು ಡಾಲರ್ ಬಲವಾಯಿತು. ಹೊರದೇಶದ ಗಳಿಕೆಯನ್ನು ಡಾಲರಿಗೆ ಬದಲಿಸಿದಾಗ ಅದು ಚಿಕ್ಕದಾಗಿ ಕಾಣತೊಡಗಿತು. ಗಡ್ಡ ಬಿಡುವುದು ಫ್ಯಾಷನ್ ಆಯಿತು, ಗಂಡಸರು ದಿನಾ ಕ್ಷೌರ ಮಾಡಿಕೊಳ್ಳುವುದು ಕಮ್ಮಿಯಾಯಿತು. ಆನ್‌ಲೈನಿನಲ್ಲಿ ಅಗ್ಗದ ರೇಜರ್‌ಗಳು ಬಂದವು. ಹತ್ತಾರು ವರ್ಷ ಕೂಡಿಕೊಂಡ ಈ ಇಳಿಕೆಯನ್ನು ಪುಸ್ತಕದಲ್ಲಿ ಬರೆದುಕೊಂಡ ದಿನ ಜಾಹೀರಾತು ಬಂದು ಆರು ತಿಂಗಳಾಗಿತ್ತು, ಅಷ್ಟೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಜೀನ್ಸ್ ಕಥೆಯೂ ಹೀಗೇ. ಷೇರು ಏರಿದ್ದು ನಿಜ. ಆದರೆ ಷೇರು ಏರುವುದು ಬೇರೆ, ಪ್ಯಾಂಟು ಖರ್ಚಾಗುವುದು ಬೇರೆ. ಡಿಸೆಂಬರ್ ಹೊತ್ತಿಗೆ ಕಂಪನಿ ಕೊಟ್ಟ ಮೂರನೇ ತ್ರೈಮಾಸಿಕದ ಲೆಕ್ಕದಲ್ಲಿ, ಹಿಂದಿನ ವರ್ಷಕ್ಕೆ ಹೋಲಿಸಿದರೆ ಅಮೆರಿಕನ್ ಈಗಲ್ ಬ್ರ್ಯಾಂಡಿನ ಮಾರಾಟ ಬೆಳೆದಿದ್ದು ಶೇ 1. ಅದೇ ಕಂಪನಿಯ 'ಏರಿ' (Aerie) ಎಂಬ ಇನ್ನೊಂದು ಬ್ರ್ಯಾಂಡ್ ಬೆಳೆದಿದ್ದು ಶೇ 11. ತಮಾಷೆ ಇರುವುದು ಇಲ್ಲೇ. 2014ರಿಂದ ತನ್ನ ಮಾಡೆಲ್‌ಗಳ ಫೋಟೋ ತಿದ್ದುವುದನ್ನೇ ನಿಲ್ಲಿಸಿ, ಇದ್ದ ಮೈಯನ್ನು ಇದ್ದ ಹಾಗೇ ತೋರಿಸುತ್ತೇವೆ ಎಂದು ಹೆಸರು ಮಾಡಿದ ಬ್ರ್ಯಾಂಡ್ ಈ 'ಏರಿ'. ಜಗಳವಾಡಿದ ಅಣ್ಣ ಸುದ್ದಿಯಾದ, ಸದ್ದಿಲ್ಲದೆ ದುಡಿದ ತಂಗಿ ಮನೆ ನಡೆಸಿದಳು.

ಹಾಗಂತ ಪೆಟ್ಟು ಬೀಳುವುದೇ ಇಲ್ಲ ಅಂತಲ್ಲ. 2023ರ ಏಪ್ರಿಲ್‌ನಲ್ಲಿ ಬಡ್ ಲೈಟ್ ಬಿಯರ್, ಡಿಲನ್ ಮಲ್ವೇನಿ ಎಂಬ ಟ್ರಾನ್ಸ್ ಮಹಿಳೆಯ ಜೊತೆ ಒಂದು ಪುಟ್ಟ ಪ್ರಚಾರ ಮಾಡಿತು. ಬಹಿಷ್ಕಾರದ ಕೂಗು ಎದ್ದಿತು. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿಯರ್ ಎಂಬ ಪಟ್ಟವನ್ನು ಸುಮಾರು ಎರಡು ತಿಂಗಳಲ್ಲಿ ಅದು ಮೊಡೆಲೋ ಎಂಬ ಇನ್ನೊಂದು ಬಿಯರಿಗೆ ಬಿಟ್ಟುಕೊಟ್ಟಿತು. ಇಲ್ಲಿ ಮಾತ್ರ ಪೆಟ್ಟು ಯಾಕೆ ನಾಟಿತು? ಬಿಯರ್ ಬಿಡುವುದು ಸುಲಭ. ಪಕ್ಕದಲ್ಲೇ ಅದೇ ರೇಟಿನ, ಹೆಚ್ಚುಕಮ್ಮಿ ಅದೇ ರುಚಿಯ ಇನ್ನೊಂದು ಬಾಟಲಿ ಇರುತ್ತದೆ. ಅಲ್ಲದೆ ಬಿಯರನ್ನು ನಾಲ್ಕು ಜನರ ಎದುರು ಹಿಡಿದು ಕೂರುತ್ತಾರೆ. ಯಾವ ಬಾಟಲಿ ಕೈಯಲ್ಲಿದೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಮೇಲಾಗಿ ಕಂಪನಿ ತನ್ನ ಮಾತಿಗೆ ಗಟ್ಟಿಯಾಗಿ ನಿಲ್ಲಲೂ ಇಲ್ಲ, ಪೂರಾ ಕೈಬಿಡಲೂ ಇಲ್ಲ. ಎರಡೂ ಕಡೆಯವರು ಸಿಟ್ಟಾದರು.

ಬ್ರ್ಯಾಂಡ್‌ಗೆ ಈ ಉಸಾಬರಿ ಯಾಕೆ?

ಬಟ್ಟೆ ಒಗೆಯುವ ಪುಡಿಯನ್ನೇ ತೆಗೆದುಕೊಳ್ಳಿ. ಎಲ್ಲ ಪುಡಿಯೂ ಕೊಳೆ ತೆಗೆಯುತ್ತದೆ. 'ನಮ್ಮದು ಜಾಸ್ತಿ ಬಿಳುಪು' ಎಂದು ಹತ್ತಾರು ವರ್ಷ ಎಲ್ಲರೂ ಕೂಗಿ ಆಗಿದೆ. ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಸಾಮಾನಿನಲ್ಲಿ ವ್ಯತ್ಯಾಸ ತೋರಿಸಲು ಆಗದಿದ್ದಾಗ ಮಾತಿನಲ್ಲಿ ತೋರಿಸಬೇಕು. 2015ರಲ್ಲಿ ಏರಿಯಲ್ ಮಾಡಿದ್ದು ಅದನ್ನೇ. ಬಟ್ಟೆ ಒಗೆಯುವುದು ಹೆಂಗಸರ ಕೆಲಸ ಮಾತ್ರಾನಾ ಎಂದು ಕೇಳಿತು. ಪುಡಿಯ ಬಿಳುಪಿನ ಸುದ್ದಿಯನ್ನೇ ಎತ್ತಲಿಲ್ಲ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಟಿವಿಯಲ್ಲಿ ಪ್ರತಿ ಸೆಕೆಂಡಿಗೂ ಕಾಸು ಕೊಡಬೇಕು. ಎರಡು ನಿಮಿಷದ ಚಿತ್ರವನ್ನು ಯೂಟ್ಯೂಬಿಗೆ ಹಾಕಿ, ಅದು ಕಣ್ಣಲ್ಲಿ ನೀರು ತರಿಸಿತು ಅನ್ನಿ, ಜನರೇ ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚುತ್ತಾರೆ. ಅಪ್ಪನೊಬ್ಬ ಮಗಳ ಮನೆಗೆ ಬಂದು, ಆಫೀಸು ಅಡುಗೆ ಮಗು ಎಂದು ಅವಳು ಒಬ್ಬಳೇ ಏಗುವುದನ್ನು ನೋಡಿ, 'ನಿನ್ನಮ್ಮನಿಗೆ ನಾನೂ ಕೈ ಜೋಡಿಸಲಿಲ್ಲ, ಕ್ಷಮಿಸು' ಎಂಬರ್ಥದ ಪತ್ರ ಬರೆಯುವ ಏರಿಯಲ್‌ನ 2016ರ ಚಿತ್ರ ಹೀಗೇ ಹರಡಿತು. ಆಗ ಫೇಸ್‌ಬುಕ್ಕಿನ ದೊಡ್ಡ ಹುದ್ದೆಯಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಅದನ್ನು ಹಂಚಿಕೊಂಡರು. ಆ ಮಟ್ಟದ ಪ್ರಚಾರ ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ.

ಪ್ರಶಸ್ತಿಯ ಆಸೆಯನ್ನೂ ಮರೆಯಬಾರದು. ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವ 2015ರಲ್ಲಿ ಲಿಂಗ ಅಸಮಾನತೆಯನ್ನು ಪ್ರಶ್ನಿಸುವ ಕೆಲಸಗಳಿಗೆಂದೇ 'ಗ್ಲಾಸ್ ಲಯನ್' ಎಂಬ ಪ್ರಶಸ್ತಿ ಶುರು ಮಾಡಿತು. ಅದರ ಮೊಟ್ಟಮೊದಲ ಗ್ರ್ಯಾಂಡ್ ಪ್ರಿ ಬಂದಿದ್ದು ಭಾರತಕ್ಕೆ, ವಿಸ್ಪರ್ ಪ್ಯಾಡಿನ 'ಉಪ್ಪಿನಕಾಯಿ ಮುಟ್ಟು' ಪ್ರಚಾರಕ್ಕೆ. ಮುಟ್ಟಾದವಳು ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಬೂಸ್ಟು ಬರುತ್ತದೆ ಎಂಬ ನಂಬಿಕೆಯನ್ನು ಅದು ಎದುರುಹಾಕಿಕೊಂಡಿತ್ತು. ಕನ್ನಡದಲ್ಲಿ ಈ ಜಾಹೀರಾತಿಗೆ ಇನ್ನೂ ಒಂದು ಗುದ್ದು ಸಿಗುತ್ತಿತ್ತು. ನಮ್ಮಲ್ಲಿ ತಿಂಗಳ ರಜೆಗೂ ಕೈಯಿಂದ ಸೋಕುವುದಕ್ಕೂ ಒಂದೇ ಪದ ಅಲ್ವಾ?

ಒಳಗೆ ಬಿಟ್ಟುಕೊಂಡಿದ್ದು ಯಾವುದನ್ನು?

ಭಾರತದಲ್ಲಿ ಗೆದ್ದ ಜಾಹೀರಾತುಗಳನ್ನು ಸಾಲಾಗಿ ನೋಡಿದರೆ ಒಂದು ಹೋಲಿಕೆ ಕಾಣುತ್ತದೆ. ಬಟ್ಟೆ ಒಗೆಯುವ ಗಂಡ, ಉಪ್ಪಿನಕಾಯಿ ಮುಟ್ಟುವ ಹುಡುಗಿ. 1994ರ ಕ್ಯಾಡ್ಬರಿ ಜಾಹೀರಾತಿನಲ್ಲಿ ಹುಡುಗ ಸಿಕ್ಸರ್ ಹೊಡೆದಾಗ ಹುಡುಗಿ ಕುಣಿಯುತ್ತಾ ಮೈದಾನಕ್ಕೆ ನುಗ್ಗಿದ್ದಳು. 2021ರಲ್ಲಿ ಅದನ್ನೇ ತಿರುಗಿಸಿ, ಹುಡುಗಿಗೆ ಬ್ಯಾಟು ಕೊಟ್ಟು ಹುಡುಗನನ್ನು ಕುಣಿಸಿದರು. ಎಲ್ಲೂ ಯಾರೂ ಯಾರನ್ನೂ ಬೈಯುವುದಿಲ್ಲ. ಎಲ್ಲರೂ ಒಳ್ಳೆಯವರೇ, ಕೊಂಚ ತಿಳಿವಳಿಕೆ ಸಾಲದು, ಜಾಹೀರಾತು ಮುಗಿಯುವಷ್ಟರಲ್ಲಿ ಅದೂ ಬಂದಿರುತ್ತದೆ.

ಜಿಲೆಟ್ ಕೂಡ ಭಾರತಕ್ಕೆ ಬಂದಾಗ ಮಾತಿನ ವರಸೆ ಬದಲಿಸಿತು. ಅಮೆರಿಕದಲ್ಲಿ ಗಂಡಸರನ್ನು ತರಾಟೆಗೆ ತೆಗೆದುಕೊಂಡ ಅದೇ 2019ರಲ್ಲಿ, ಇಲ್ಲಿ ಉತ್ತರ ಪ್ರದೇಶದ ಬನ್ವಾರಿ ಟೋಲಾ ಎಂಬ ಹಳ್ಳಿಯಲ್ಲಿ ಅಪ್ಪನ ಕ್ಷೌರದಂಗಡಿ ನಡೆಸುವ ಅಕ್ಕತಂಗಿಯರ ಕಥೆ ಹೇಳಿತು. ಊರಿನ ಗಂಡಸರು ಆ ಹೆಣ್ಣುಮಕ್ಕಳ ಕತ್ತಿಗೆ ಗಲ್ಲ ಒಡ್ಡುತ್ತಾರೆ. ಗಂಡಸು ಇಲ್ಲಿ ತಪ್ಪಿತಸ್ಥನಲ್ಲ, ದೊಡ್ಡ ಮನಸ್ಸಿನವನು. ಹೇಳಿದ್ದು ಹೆಚ್ಚುಕಮ್ಮಿ ಅದೇ ವಿಷಯ. ಅಲ್ಲಿ ಬೈಗುಳವಾಗಿ ಕೇಳಿಸಿತು, ಇಲ್ಲಿ ಹೊಗಳಿಕೆಯಾಗಿ ಕೇಳಿಸಿತು.

ಮದುವೆಯ ವಿಷಯದಲ್ಲೂ ಜಾಹೀರಾತು ಒಮ್ಮೆ ಗೆದ್ದಿದೆ. 2013ರಲ್ಲಿ ತನಿಷ್ಕ್, ಪುಟ್ಟ ಮಗಳಿರುವ ಕಂದು ಬಣ್ಣದ ಹೆಣ್ಣಿನ ಎರಡನೇ ಮದುವೆ ತೋರಿಸಿತು. ಅಗ್ನಿ ಸುತ್ತುವಾಗ ಮದುಮಗ ಆ ಮಗುವನ್ನೂ ಎತ್ತಿಕೊಳ್ಳುತ್ತಾನೆ. ಜನ ಮೆಚ್ಚಿ ತಲೆದೂಗಿದರು. ಅಲ್ಲಿ ಮಂಟಪ ಇತ್ತು, ಅಗ್ನಿ ಇತ್ತು, ಒಡವೆಯೂ ಇತ್ತು. ಶಾಸ್ತ್ರ ಹಾಗೇ ಉಳಿದಿತ್ತು, ಅದರೊಳಗೆ ಇನ್ನೊಬ್ಬಳಿಗೆ ಜಾಗ ಸಿಕ್ಕಿತ್ತು.

2021ರ ಏಪ್ರಿಲ್‌ನಲ್ಲಿ ಕೇರಳದ ಭೀಮಾ ಜ್ಯುವೆಲ್ಲರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಡಾಗಿ ಹುಟ್ಟಿ ಹೆಣ್ಣಾಗುವ ಮಗಳಿಗೆ ಮನೆಯವರು ಹಂತ ಹಂತವಾಗಿ ಒಡವೆ ಕೊಡುತ್ತಾರೆ. ಕೊನೆಗೆ ಅವಳೇ ಮದುಮಗಳು. ಪಾತ್ರ ಮಾಡಿದ್ದು ಟ್ರಾನ್ಸ್ ಮಹಿಳೆಯೇ. ಬಡ್ ಲೈಟನ್ನು ಬೀಳಿಸಿದ ವಿಷಯ ಇಲ್ಲಿ ಚಪ್ಪಾಳೆ ಗಿಟ್ಟಿಸಿತು. ಕಥೆ ಮನೆಯಂಗಳ ದಾಟಿ ಆಚೆ ಹೋಗದಿದ್ದುದು ದೊಡ್ಡ ಕಾರಣ. ಮಗಳಿಗೆ ಬಂಗಾರ ಹಾಕಿ ಕಳಿಸುವ ಅಪ್ಪ ಅಮ್ಮನನ್ನು ಬೈಯುವುದು ಹೇಗೆ?

ಮುಗ್ಗರಿಸಿದ್ದು ಎಲ್ಲಿ?

2020ರ ಅಕ್ಟೋಬರ್‌ನಲ್ಲಿ ಅದೇ ತನಿಷ್ಕ್ ಎಡವಿತು. ಮುಸ್ಲಿಂ ಮನೆಗೆ ಬಂದ ಹಿಂದೂ ಸೊಸೆಗೆ ಅತ್ತೆ ಸೀಮಂತ ಮಾಡುವ ಚಿತ್ರ ಅದು. ಸೊಸೆಯ ಮನೆಯ ಪದ್ಧತಿಯನ್ನು ಅತ್ತೆ ಗೌರವಿಸುವ ಸಾದಾ ಕಥೆ. ಬಹಿಷ್ಕಾರದ ಕೂಗು ಎದ್ದು, ಕೆಲವೇ ದಿನದಲ್ಲಿ ಚಿತ್ರ ವಾಪಸ್ ಹೋಯಿತು. ನೌಕರರು, ಪಾಲುದಾರರು ಮತ್ತು ಅಂಗಡಿ ಸಿಬ್ಬಂದಿಯ ಕ್ಷೇಮವನ್ನೂ ನೋಡಿಕೊಂಡು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ಕಂಪನಿ ಹೇಳಿತು. ಗುಜರಾತಿನ ಗಾಂಧಿಧಾಮದ ಅಂಗಡಿಯ ಬಾಗಿಲಿಗೆ ಕ್ಷಮೆ ಕೇಳುವ ಚೀಟಿ ಅಂಟಿಸಬೇಕಾಯಿತು. ತನಿಷ್ಕ್‌ನ ಮಾಲೀಕ ಕಂಪನಿ ಟೈಟನ್ ನಮ್ಮ ಬೆಂಗಳೂರಿನದೇ. ಜಾಹೀರಾತಿಗೆ ಒಪ್ಪಿಗೆ ಕೊಡುವುದು ಬೆಂಗಳೂರಿನ ಕಚೇರಿ, ಕಲ್ಲು ಬಿದ್ದರೆ ಬೀಳುವುದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗಾಜಿನ ಬಾಗಿಲಿಗೆ. ಈ ದೂರವನ್ನು ಗಮನದಲ್ಲಿಟ್ಟುಕೊಳ್ಳಿ.

2021ರ ಸೆಪ್ಟೆಂಬರ್‌ನಲ್ಲಿ ಮಾನ್ಯವರ್ ಕಂಪನಿಯ ಮೋಹೆ ಬ್ರ್ಯಾಂಡು 'ಕನ್ಯಾದಾನ ಯಾಕೆ, ಕನ್ಯಾಮಾನ ಸಾಲದೇ' ಎಂದು ಆಲಿಯಾ ಭಟ್ ಬಾಯಲ್ಲಿ ಕೇಳಿಸಿತು. ಹೆಣ್ಣು ದಾನ ಕೊಡುವ ವಸ್ತುವಾ ಎಂಬ ಪ್ರಶ್ನೆ. ಧಾರೆ ಎರೆಯುವ ಪದ್ಧತಿ ಇರುವ ನಮ್ಮ ಮನೆಗಳಲ್ಲೂ ಈ ಪ್ರಶ್ನೆ ಹೊಸದೇನಲ್ಲ. ಆದರೆ ಸೋದರತ್ತೆ ಕೇಳುವುದು ಬೇರೆ, ಲೆಹೆಂಗಾ ಮಾರುವವರು ಕೇಳುವುದು ಬೇರೆ. ನಮ್ಮ ಶಾಸ್ತ್ರಕ್ಕೆ ಅರ್ಥ ಹೇಳಲು ನೀವು ಯಾರು ಎಂದು ಜನ ಮುಗಿಬಿದ್ದರು.

ಅಕ್ಟೋಬರ್‌ನಲ್ಲಿ ಡಾಬರ್‌ನ ಸರದಿ. ಅದರ ಫೆಮ್ ಬ್ಲೀಚ್ ಜಾಹೀರಾತಿನಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕರ್ವಾ ಚೌತ್ ಆಚರಿಸುತ್ತಾರೆ. ಮಧ್ಯಪ್ರದೇಶದ ಅಂದಿನ ಗೃಹಸಚಿವ ನರೋತ್ತಮ ಮಿಶ್ರಾ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಡಾಬರ್ ಜಾಹೀರಾತು ತೆಗೆದು ಕ್ಷಮೆ ಕೇಳಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಪೀಠದಲ್ಲಿದ್ದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಸಾರ್ವಜನಿಕ ಅಸಹನೆಯಿಂದ ಇದನ್ನು ಹಿಂತೆಗೆಯಬೇಕಾಯಿತು ಎಂದು ಆ ತಿಂಗಳ ಕೊನೆಯಲ್ಲಿ ಹೇಳಿದರು. ಕಾನೂನು ದಾಟಿದ ಹೊಳೆಯನ್ನು ಮಾರುಕಟ್ಟೆ ದಾಟಿರಲಿಲ್ಲ. ಇನ್ನೊಂದು ಕಡೆಯಿಂದಲೂ ಈ ಜಾಹೀರಾತಿಗೆ ಬೈಗುಳ ಬಿತ್ತು. ಗಂಡನ ಆಯುಸ್ಸಿಗಾಗಿ ಹೆಂಡತಿ ಉಪವಾಸ ಮಾಡುವ ವ್ರತ, ಮುಖ ಬೆಳ್ಳಗೆ ಮಾಡುವ ಬ್ಲೀಚು, ಇವೆರಡನ್ನೂ ಇಟ್ಟುಕೊಂಡು ಎಂಥ ಸಮಾನತೆ ಎಂದು ಸ್ತ್ರೀವಾದಿಗಳೂ ಕೇಳಿದರು. ನನ್ನ ಮಟ್ಟಿಗೆ ಅದು ಆ ವರ್ಷದ ನ್ಯಾಯವಾದ ಪ್ರಶ್ನೆ.

ಗಾಜಿನ ಬಾಗಿಲಿನ ಲೆಕ್ಕ

ಗೆದ್ದಿದ್ದು, ಸೋತಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಷಯದ ಗಡಿ ಒಂದು ಮಟ್ಟಿಗೆ ಕಾಣುತ್ತದೆ. ಮನೆಯೊಳಗಿನ ಕೆಲಸ, ಪ್ರೀತಿ, ಒಪ್ಪಿಕೊಳ್ಳುವಿಕೆ ಇವಕ್ಕೆ ತಕರಾರಿಲ್ಲ. ಧರ್ಮದ ಗೆರೆ, ಶಾಸ್ತ್ರದ ಅರ್ಥ ಇವಕ್ಕೆ ಕೈ ಹಾಕಿದರೆ ತಕರಾರು.

ಆದರೆ ವಿಷಯ ಅರ್ಧ ಮಾತ್ರ. ಇನ್ನರ್ಧ ಅಂಗಡಿಯದು. 2019ರ ಹೋಳಿ ಹೊತ್ತಿಗೆ ಸರ್ಫ್ ಎಕ್ಸೆಲ್ ಒಂದು ಚಿತ್ರ ಬಿಟ್ಟಿತ್ತು. ಹಿಂದೂ ಹುಡುಗಿಯೊಬ್ಬಳು ಬಣ್ಣವನ್ನೆಲ್ಲ ತನ್ನ ಮೈಮೇಲೆ ಹಾಕಿಸಿಕೊಂಡು, ಬಿಳಿ ಬಟ್ಟೆಯ ಮುಸ್ಲಿಂ ಗೆಳೆಯನನ್ನು ಮಸೀದಿಗೆ ಬಿಡುತ್ತಾಳೆ. ಇದಕ್ಕೂ ತನಿಷ್ಕ್‌ನ ಹಾಗೇ ಬಹಿಷ್ಕಾರದ ಕೂಗು ಬಂತು. ಸಿಟ್ಟಿನ ಭರದಲ್ಲಿ ಕೆಲವರು ಮೈಕ್ರೋಸಾಫ್ಟ್ ಎಕ್ಸೆಲ್ ಆ್ಯಪಿಗೆ ಹೋಗಿ ಒಂದು ಸ್ಟಾರ್ ಕೊಟ್ಟು ಬಂದರು! ಕಂಪನಿ ಜಾಹೀರಾತು ತೆಗೆಯಲಿಲ್ಲ. ಯಾಕೆ ತಡೆದುಕೊಂಡಿತು? ಸೋಪಿನ ಪುಡಿಗೆ ತನ್ನದೇ ಬೋರ್ಡಿನ ಅಂಗಡಿ ಇಲ್ಲ. ಅದು ಪ್ರತಿ ಬೀದಿಯ ದಿನಸಿ ಅಂಗಡಿಯಲ್ಲಿ, ಅಕ್ಕಿ ಬೇಳೆಯ ಪಕ್ಕ ಕೂತಿರುತ್ತದೆ. ಸಿಟ್ಟು ಬಂದವರು ಎಲ್ಲಿ ಹೋಗಿ ಘೇರಾಯಿಸಬೇಕು? ಒಡವೆ ಅಂಗಡಿಗೆ ಮುಖ್ಯರಸ್ತೆಯಲ್ಲಿ ದೊಡ್ಡ ಬೋರ್ಡು, ಗಾಜಿನ ಬಾಗಿಲು, ಒಳಗೆ ಕೋಟ್ಯಂತರ ರೂಪಾಯಿಯ ಮಾಲು, ಕೌಂಟರಿನಲ್ಲಿ ಸಂಬಳಕ್ಕೆ ನಿಂತ ಹುಡುಗ ಹುಡುಗಿಯರು. ಅದೂ ಹಬ್ಬದ ಸೀಸನ್ನು, ವರ್ಷದ ದೊಡ್ಡ ವ್ಯಾಪಾರದ ಹೊತ್ತು. ಅಲ್ಲಿ ಧೈರ್ಯದ ಬೆಲೆ ಕೊಡಬೇಕಾದವರು ಜಾಹೀರಾತು ಮಾಡಿದವರಲ್ಲ.

ಈ ಲೆಕ್ಕಕ್ಕೆ ಡಾಬರ್ ಸಿಗುವುದಿಲ್ಲ. ಅದೂ ದಿನಸಿ ಅಂಗಡಿಯ ಸಾಮಾನೇ. ಅಲ್ಲಿ ಒತ್ತಡ ಬೀದಿಯಿಂದಷ್ಟೇ ಬರಲಿಲ್ಲ, ಸರ್ಕಾರದ ಕುರ್ಚಿಯಿಂದಲೂ ಬಂತು. ಪೊಲೀಸು ಮತ್ತು ಕೋರ್ಟು ಎದುರಾದರೆ ಎಷ್ಟೇ ಅಂಗಡಿಗೆ ಚದುರಿ ಹೋಗಿದ್ದರೂ ಕಂಪನಿಗೆ ಒಂದು ವಿಳಾಸ ಇದ್ದೇ ಇರುತ್ತದೆ.

ಗಂಡಸರು ಬದಲಾದರಾ?

ಏರಿಯಲ್ ತಾನೇ ಮಾಡಿಸಿದ ಸಮೀಕ್ಷೆಗಳ ಪ್ರಕಾರ, ಬಟ್ಟೆ ಒಗೆಯುವುದು ಹೆಂಗಸರ ಕೆಲಸ ಎನ್ನುವ ಗಂಡಸರು 2014ರಲ್ಲಿ ಶೇ 79 ಇದ್ದರು, 2020ಕ್ಕೆ ಶೇ 41ಕ್ಕೆ ಇಳಿದರು. ಕೇಳಲು ಚೆನ್ನಾಗಿದೆ.

ಈಗ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಗೆ ಬನ್ನಿ. ಜನ ದಿನದ 24 ಗಂಟೆಯನ್ನು ಹೇಗೆ ಕಳೆದರು ಎಂದು ಲೆಕ್ಕ ಹಾಕುವ ದೊಡ್ಡ ಸಮೀಕ್ಷೆ ಅದು. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಕೈ ಹಾಕಿದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಕೈ ಹಾಕಿದವರನ್ನಷ್ಟೇ ತೆಗೆದುಕೊಂಡರೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದಿದ್ದರು, ಗಂಡಸರು 97. ಮುಂದಿನ ಸಮೀಕ್ಷೆ 2024ರದು. ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದು ಏರಲಿಲ್ಲ, 88ಕ್ಕೆ ಇಳಿಯಿತು. ಹೆಂಗಸರಿಗೆ ಉಳಿದ 10 ನಿಮಿಷವನ್ನು ಗಂಡ ತನ್ನ ತಲೆಮೇಲೆ ಹೊತ್ತುಕೊಂಡ ಹಾಗೆ ಕಾಣುವುದಿಲ್ಲ. ಮಿಕ್ಸಿಯೋ, ವಾಷಿಂಗ್ ಮಷೀನೋ, ನಲ್ಲಿ ನೀರೋ, ಗ್ಯಾಸೋ ಹೊತ್ತಿರಬಹುದು.

ಎರಡು ಸಮೀಕ್ಷೆಗಳೂ ಸುಳ್ಳಲ್ಲ. ಒಂದು ಕೇಳಿದ್ದು ನಿಮ್ಮ ಅಭಿಪ್ರಾಯ ಏನು ಅಂತ. ಇನ್ನೊಂದು ಕೇಳಿದ್ದು ನಿನ್ನೆ ಏನು ಮಾಡಿದಿರಿ ಅಂತ. ಜಾಹೀರಾತು ಮಾತನ್ನು ಬದಲಿಸಬಲ್ಲದು. ಯಾವ ಉತ್ತರ ಮರ್ಯಾದೆಯದು ಎಂದು ಜನರಿಗೆ ಕಲಿಸಬಲ್ಲದು. ಬೆಳಿಗ್ಗೆ ಆರಕ್ಕೆ ಎದ್ದು ಬಕೆಟ್ ಎತ್ತಿಸುವುದು ಅದರ ಕೈಲಾಗುವ ಕೆಲಸವಲ್ಲ. ಹಾಗಂತ ಅದು ಸುಮ್ನೆ ದಂಡ ಅನ್ನುವುದೂ ತಪ್ಪು. ಹೇಳಲು ನಾಚಿಕೆಯಾಗುವ ಮಾತು ಕ್ರಮೇಣ ಮಾಡಲು ಕಷ್ಟವಾಗುವ ಕೆಲಸವೂ ಆಗುತ್ತದೆ. ಅದಕ್ಕೆ ಐದು ವರ್ಷ ಸಾಲದು, ಅಷ್ಟೇ.

ಯುನಿಸೆಫ್ ಮತ್ತು ತೆರೆಯ ಮೇಲೆ ಹೆಣ್ಣು ಗಂಡನ್ನು ತೋರಿಸುವ ರೀತಿ ಅಧ್ಯಯನ ಮಾಡುವ ಗೀನಾ ಡೇವಿಸ್ ಸಂಸ್ಥೆ ಸೇರಿ ಭಾರತದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ನೋಡಿ 2021ರಲ್ಲಿ ವರದಿ ಕೊಟ್ಟಿದ್ದವು. ತೆರೆಯ ಮೇಲೆ ಜಾಸ್ತಿ ಹೊತ್ತು ಇರುವವರೂ ಜಾಸ್ತಿ ಮಾತಾಡುವವರೂ ಹೆಂಗಸರೇ. ಸಂತೋಷಪಡುವ ಮೊದಲು ಕಾರಣ ಓದಿ: ಸ್ವಚ್ಛತೆ, ಆಹಾರ, ಸೌಂದರ್ಯದ ಸಾಮಾನುಗಳನ್ನು ಹೆಂಗಸರಿಗೇ ಮಾರುತ್ತಾರೆ. ಮಕ್ಕಳ ತಾಯಿಯಾಗಿ ಹೆಣ್ಣನ್ನು ತೋರಿಸುವುದು, ತಂದೆಯಾಗಿ ಗಂಡನ್ನು ತೋರಿಸುವುದಕ್ಕಿಂತ ಮೂರು ಪಟ್ಟು ಜಾಸ್ತಿ. ಮಾರ್ಚ್ 8ರ ಒಂದು ಚಿತ್ರದ ಎದುರು ವರ್ಷದ ಉಳಿದ 364 ದಿನದ ಜಾಹೀರಾತು ನಿಂತಿರುತ್ತದೆ.

ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ?

ಬ್ರ್ಯಾಂಡ್‌ಗಳ ಪರ ಇರುವವರ ವಾದ ಸರಳ. ಉದ್ದೇಶ ವ್ಯಾಪಾರವೇ ಇರಲಿ, ಒಳ್ಳೆಯ ಮಾತು ಕೋಟ್ಯಂತರ ಮನೆ ತಲುಪುತ್ತದಲ್ಲ? ವ್ಯಾಪಾರಕ್ಕೂ ಒಳ್ಳೆಯದು ಎಂಬ ಲೆಕ್ಕವೂ ಅವರ ಬಳಿ ಇದೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2017ರಲ್ಲಿ ಕಂಪನಿಗಳನ್ನು ಸೇರಿಸಿ ಕಟ್ಟಿದ ಅನ್‌ಸ್ಟೀರಿಯೊಟೈಪ್ ಅಲಯನ್ಸ್, 58 ದೇಶಗಳ 392 ಬ್ರ್ಯಾಂಡ್‌ಗಳ ಅಂಕಿಅಂಶ ಇಟ್ಟುಕೊಂಡು 2024ರಲ್ಲಿ ಒಂದು ಅಧ್ಯಯನ ಹೊರತಂದಿತು. ಎಲ್ಲರನ್ನೂ ಒಳಗೊಳ್ಳುವ ಜಾಹೀರಾತುಗಳಿಂದ ಸದ್ಯದ ಮಾರಾಟ ಶೇ 3.46, ದೀರ್ಘಕಾಲದ ಮಾರಾಟ ಶೇ 16.26 ಜಾಸ್ತಿ ಎಂದು ಅದು ಹೇಳಿತು. ಮಾಡಿಸಿದವರು ಬ್ರ್ಯಾಂಡ್‌ಗಳದೇ ಕೂಟ ಎಂಬುದನ್ನು ನೆನಪಿಟ್ಟು ಓದಬೇಕು.

ಎದುರು ವಾದ ಎರಡು ಕಡೆಯಿಂದ ಬರುತ್ತದೆ. ಸಂಪ್ರದಾಯವಾದಿಗಳು ಕೇಳುವುದು, ಸಾಮಾನು ಮಾರುವವರು ನಮಗೆ ಬುದ್ಧಿ ಹೇಳುವುದೇಕೆ ಅಂತ. ಸ್ತ್ರೀವಾದಿಗಳು ಕೇಳುವುದು, ನಿಮ್ಮ ಮನೆಯೊಳಗೆ ಹೇಗಿದ್ದೀರಿ ಅಂತ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಹೆಚ್ಚು ಕಷ್ಟ.

2017ರ ಮಾರ್ಚಿನಲ್ಲಿ ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಕಂಪನಿ ನ್ಯೂಯಾರ್ಕಿನ ಷೇರುಪೇಟೆ ಬಳಿಯ ಗೂಳಿ ಪ್ರತಿಮೆಯ ಎದುರು ಎದೆಯೊಡ್ಡಿ ನಿಂತ ಹುಡುಗಿಯ ಪ್ರತಿಮೆ ಇಟ್ಟು ಜಗತ್ತಿನ ಕಣ್ಣು ಸೆಳೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ತನ್ನ ಮಹಿಳಾ ಮತ್ತು ಕಪ್ಪು ವರ್ಣೀಯ ಅಧಿಕಾರಿಗಳಿಗೆ ಕಮ್ಮಿ ಸಂಬಳ ಕೊಟ್ಟಿತೆಂಬ ಸರ್ಕಾರದ ಆರೋಪವನ್ನು ಬಗೆಹರಿಸಿಕೊಳ್ಳಲು 50 ಲಕ್ಷ ಡಾಲರ್ ಕಟ್ಟಲು ಒಪ್ಪಿತು. 2019ರ ಫೆಬ್ರುವರಿಯಲ್ಲಿ ನೈಕಿ ಮಹಿಳಾ ಕ್ರೀಡಾಪಟುಗಳ ಕನಸಿನ ಬಗ್ಗೆ ಜಾಹೀರಾತು ಬಿಟ್ಟಿತು. ಮೂರೇ ತಿಂಗಳಿಗೆ, ಬಸುರಿಯಾದಾಗ ಅದೇ ಕಂಪನಿ ತಮ್ಮ ಒಪ್ಪಂದದ ಹಣಕ್ಕೆ ಕತ್ತರಿ ಹಾಕಲು ನೋಡಿತು ಎಂದು ಒಲಿಂಪಿಕ್ ಓಟಗಾರ್ತಿ ಆ್ಯಲಿಸನ್ ಫೆಲಿಕ್ಸ್ ಬಹಿರಂಗವಾಗಿ ಬರೆದರು. ಆಗಸ್ಟ್ ಹೊತ್ತಿಗೆ ನೈಕಿ ತನ್ನ ನಿಯಮ ಬದಲಿಸಿ, ಬಸಿರು ಬಾಣಂತನದ 18 ತಿಂಗಳು ಹಣ ಕಡಿತ ಮಾಡುವುದಿಲ್ಲ ಎಂದಿತು. ಆ ಬದಲಾವಣೆ ತಂದಿದ್ದು ಜಾಹೀರಾತಲ್ಲ, ಅದರ ಹುಳುಕು ಹೇಳಿದ ಓಟಗಾರ್ತಿಯರು. ಆದರೆ ಜಾಹೀರಾತು ಇಲ್ಲದಿದ್ದರೆ ಆ ಹುಳುಕು ಅಷ್ಟು ಎದ್ದು ಕಾಣುತ್ತಿತ್ತಾ?

ಈ ಕಥೆಯ ಒಂದು ತುದಿ ಬೆಂಗಳೂರಿನಲ್ಲೇ ಇದೆ. ಜಗತ್ತಿನ ದೊಡ್ಡ ಬಟ್ಟೆ ಬ್ರ್ಯಾಂಡ್‌ಗಳ ಅಂಗಿ, ಪ್ಯಾಂಟು ಹೊಲಿಯುವುದು ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2020ರ ಏಪ್ರಿಲ್‌ನಿಂದ ಅವರಿಗೆ ಸಿಗಬೇಕಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಕಾರ್ಖಾನೆಗಳು ಅದನ್ನು ತಡೆಹಿಡಿದವು. ಹೈಕೋರ್ಟ್ ಹೇಳಿದ ಮೇಲೂ ಬಹಳ ಕಾಲ ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಬಾಕಿ ಬರಬೇಕಿತ್ತು ಎಂದು ಕಾರ್ಮಿಕರ ಹಕ್ಕುಗಳ ಮೇಲೆ ಕಣ್ಣಿಡುವ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಸಂಸ್ಥೆ ಲೆಕ್ಕ ಹಾಕಿತು. ಹೊರದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ಅದೇ 2022ರ ಮಾರ್ಚ್ 8ರಂದು ಬೆಂಗಳೂರಿನದೇ ಫ್ಲಿಪ್‌ಕಾರ್ಟ್, ಮಹಿಳಾ ದಿನಕ್ಕೆ ನಿಮ್ಮನ್ನು ಸಂಭ್ರಮಿಸೋಣ, 299 ರೂಪಾಯಿಯಿಂದ ಅಡುಗೆಮನೆ ಸಾಮಾನು ಕೊಳ್ಳಿ ಎಂದು ಮೆಸೇಜು ಕಳಿಸಿ, ಜನ ಉಗಿದ ಮೇಲೆ ಕ್ಷಮೆ ಕೇಳಿತು.

ನಿಯಮ ಏನು ಹೇಳುತ್ತದೆ?

2022ರ ಜೂನ್ ಮೊದಲ ವಾರ ಲೇಯರ್ ಶಾಟ್ ಎಂಬ ಬಾಡಿ ಸ್ಪ್ರೇ ಜಾಹೀರಾತು ಬಂತು. ಹುಡುಗರ ಗುಂಪೊಂದು ಒಂಟಿ ಹುಡುಗಿಯ ಎದುರು ದ್ವಂದ್ವಾರ್ಥದಲ್ಲಿ ಮಾತಾಡುತ್ತದೆ. ಸಾಮೂಹಿಕ ಅತ್ಯಾಚಾರದ ಭಯವನ್ನೇ ತಮಾಷೆ ಮಾಡಿದ ಈ ಜಾಹೀರಾತನ್ನು ತೆಗೆಯಲು ಕೇಂದ್ರ ವಾರ್ತಾ ಇಲಾಖೆ ಜೂನ್ 4ರಂದು ಸೂಚಿಸಿತು. ನಾಲ್ಕು ದಿನಕ್ಕೆ, ಆಸ್ಕಿ ಎಂದು ಕರೆಯುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಮೊದಲೇ ತಯಾರಿದ್ದ ಲಿಂಗ ತಾರತಮ್ಯದ ಮಾರ್ಗಸೂಚಿ ಹೊರಡಿಸಿತು.

ಹೆಣ್ಣು ಮನೆ ಗುಡಿಸುವುದನ್ನು ತೋರಿಸಬಾರದು ಎಂದು ಅದು ಹೇಳುವುದಿಲ್ಲ. ಅದು ಅವಳೊಬ್ಬಳದೇ ಕೆಲಸ ಎಂಬಂತೆ ತೋರಿಸಬಾರದು ಎನ್ನುತ್ತದೆ. ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂಬ ಅಚ್ಚುಗಳಿಗೆ ಒಗ್ಗದವರನ್ನು ಗೇಲಿ ಮಾಡಬಾರದು ಎನ್ನುತ್ತದೆ. ಈ ಮಾತು ಗಂಡಸರಿಗೂ ಅನ್ವಯ. ಇಂಥದ್ದೇ ನಿಯಮ 2019ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಮೊದಲು ಬಿದ್ದ ಜಾಹೀರಾತುಗಳಲ್ಲಿ ಒಂದು, ತಿನ್ನುವ ಗಮನದಲ್ಲಿ ಕೂಸುಗಳನ್ನೇ ಮರೆಯುವ ಅಪ್ಪಂದಿರನ್ನು ತೋರಿಸಿದ ಚೀಸ್ ಜಾಹೀರಾತು. ಅಪ್ಪಂದಿರು ಪೆದ್ದರು ಎಂಬುದೂ ಅಚ್ಚೇ.

1985ರಲ್ಲಿ ಹುಟ್ಟಿದ ಆಸ್ಕಿ ಜಾಹೀರಾತು ಉದ್ಯಮದ್ದೇ ಸಂಸ್ಥೆ. ಟಿವಿ ಜಾಹೀರಾತುಗಳು ಅದರ ಸಂಹಿತೆ ಪಾಲಿಸಬೇಕೆಂದು ಕೇಬಲ್ ಟಿವಿ ನಿಯಮದಲ್ಲೇ ಇದೆ. ಆದರೆ ಒಂದು ಮಿತಿ ಗಮನಿಸಿ. ಈ ನಿಯಮ ಹಾನಿ ಮಾಡಬೇಡಿ ಎನ್ನುತ್ತದೆ, ಅಷ್ಟೇ. ಧೈರ್ಯವಾಗಿ ನಿಂತ ಜಾಹೀರಾತಿಗೆ ಬೆದರಿಕೆ ಬಂದರೆ ಅದು ಕಾಪಾಡಲಾರದು. ತನಿಷ್ಕ್ ಜಾಹೀರಾತಿನಲ್ಲಿ ನಿಯಮ ಮುರಿದದ್ದೇನೂ ಇಲ್ಲ ಎಂದು ಆಸ್ಕಿ ಹೇಳಿತ್ತು. ಗಾಂಧಿಧಾಮದ ಅಂಗಡಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಮುಂದೇನಾಗಬಹುದು?

ಹಿಂದೆ ಸರಿಯುವುದಕ್ಕೂ ಬೆಲೆ ಇದೆ. ಟಾರ್ಗೆಟ್ ತನ್ನ ಗುರಿ ಕೈಬಿಟ್ಟಾಗ, ಅದನ್ನು ನಂಬಿದ್ದ ಗಿರಾಕಿಗಳು ಬಹಿಷ್ಕಾರ ಹಾಕಿದರು. 2025ರ ಮೇ ತಿಂಗಳಲ್ಲಿ ಮಾರಾಟ ಇಳಿದ ಲೆಕ್ಕ ಕೊಡುವಾಗ, ಕಾರಣಗಳಲ್ಲಿ ಇದೂ ಒಂದು ಎಂದು ಕಂಪನಿಯೇ ಒಪ್ಪಿಕೊಂಡಿತು. ಆದ್ದರಿಂದ ಬಹುತೇಕ ಕಂಪನಿಗಳು ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕುತ್ತವೆ. ಭಾರತದಲ್ಲಿ ಅಂದರೆ ಪಾತ್ರೆ ತೊಳೆಯುವ ಗಂಡ, ಅಡುಗೆ ಕಲಿಯುವ ಮಗ ಇನ್ನೂ ಜಾಸ್ತಿ ಕಾಣಬಹುದು. ಜಾತಿ ಮೀರಿದ ಮದುವೆ, ಆಸ್ತಿಯಲ್ಲಿ ಮಗಳ ಪಾಲು ಇವು ಕಾಣುವುದು ಕಷ್ಟ. ಆಸ್ತಿಯ ಪಾಲಂತೂ ಕಾನೂನಿನಲ್ಲೇ ಇದೆ. ಆದರೂ ಆ ಜಾಹೀರಾತು ಮಾಡಲು ಯಾವ ಬ್ಯಾಂಕು ಮುಂದೆ ಬಂದೀತು?

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತಿದೆ. ಮೊದಲು ಒಂದು ಟಿವಿಯ ಮುಂದೆ ಇಡೀ ಮನೆ ಕೂತು ಒಂದೇ ಜಾಹೀರಾತು ನೋಡುತ್ತಿತ್ತು. ಬಟ್ಟೆ ಒಗೆಯುವ ಗಂಡನನ್ನು ಗಂಡನೂ ನೋಡುತ್ತಿದ್ದ, ಹೆಂಡತಿಯೂ ನೋಡುತ್ತಿದ್ದಳು, ಮೂಲೆಯಲ್ಲಿ ಕೂತ ಅತ್ತೆಯೂ ನೋಡುತ್ತಿದ್ದರು. ಮಾತು ಶುರುವಾಗುತ್ತಿದ್ದುದು ಅಲ್ಲಿ. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ಲೆಕ್ಕ ಹಾಕಿ ಬೇರೆ ಬೇರೆ ಜಾಹೀರಾತು ಕಳಿಸಬಹುದು. ಕೆಲಸಕ್ಕೆ ಹೋಗುವ ಸೊಸೆಯ ಫೋನಿಗೆ ಸಮಾನತೆಯ ಚಿತ್ರ, ಅವಳ ಗಂಡನ ಫೋನಿಗೆ ಹಳೇ ಶೈಲಿಯದು, ಅತ್ತೆಯ ಫೋನಿಗೆ ಬರೀ ರಿಯಾಯಿತಿ ದರ. ಮೂವರೂ ಒಂದೇ ಸೋಫಾದ ಮೇಲೆ ಕೂತಿದ್ದರೂ ಪಕ್ಕದವರಿಗೆ ಏನು ಬಂತು ಎಂದು ಯಾರಿಗೂ ತಿಳಿಯುವುದಿಲ್ಲ. ಪುಡಿ ಮಾತ್ರ ಅದೇ ಕಂಪನಿಯದು.